ಪದಬಂಧವೂ ವ್ಯಾಖ್ಯಾನವೂ

ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ ಪ್ರಕಟವಾಗುವ ಚಿಕ್ಕ ಪದಬಂಧವನ್ನು ಬಿಡಿಸಲು ಕುಳಿತು, ಅರ್ಧದಲ್ಲಿ ಕೈಸೋತು, ಮರುದಿನದ ಸಂಚಿಕೆಗಾಗಿ ಕಾದಿದ್ದ ಓದುಗನಿಗೆ ಆ ಸಂಚಿಕೆಯಲ್ಲಿ ದೊರೆಯುವುದು ಸಾಮಾನ್ಯವಾಗಿ ಅಕ್ಷರಗಳನ್ನು ತುಂಬಿದ ಒಂದು ಕಿರುಚೌಕ ಮಾತ್ರ. ಅದರಿಂದ ಅವನಿಗೆ ಉತ್ತರವೇನೆಂಬುದು ತಿಳಿಯುತ್ತದೆ. ಆ ಸುಳಿವಿಗೆ ಅದೇ ಪದ ಏಕೆ ಉತ್ತರವಾಗಬೇಕು, ಸುಳಿವಿನ ಯಾವ ಮಾತು ಅರ್ಥವನ್ನು ಹೇಳಿತು, ಯಾವ ಮಾತು ಅಕ್ಷರಗಳ ಲೆಕ್ಕವನ್ನು ಹೇಳಿತು, ತನ್ನ ಬುದ್ಧಿ ಯಾವ ತಿರುವಿನಲ್ಲಿ ದಾರಿ ತಪ್ಪಿತು ಎಂಬುದು ತಿಳಿಯುವುದಿಲ್ಲ. ಪದಬಂಧವೆಂಬುದು ಹೊತ್ತು ಕಳೆಯುವ ಒಂದು ಸಾಧನವೆಂದು ಭಾವಿಸುವವರಿಗೆ ಇದು ಕೊರತೆಯಾಗಿ ತೋರದಿರಬಹುದು. ಆದರೆ ಭಾಷೆಯ ಶಕ್ತಿಯನ್ನೂ ಸೂಕ್ಷ್ಮವನ್ನೂ ಪ್ರತಿನಿತ್ಯ ಸ್ವಲ್ಪ ಹೊತ್ತಿನ ಮಟ್ಟಿಗಾದರೂ ಸಾಮಾನ್ಯ ಓದುಗನ ಕೈಗೊಪ್ಪಿಸುವ ವಿನೋದ ಇದಕ್ಕಿಂತ ಬೇರೊಂದಿಲ್ಲವೆಂದು ನಂಬಿರುವ ನನಗೆ, ವಿವರಣೆಯಿಲ್ಲದ ಉತ್ತರವು ಅರ್ಧ ಉತ್ತರವೆಂದೂ, ಸುಳಿವನ್ನು ಕೊಟ್ಟವನು ಅದರ ವಿವರಣೆಗೂ ಬಾಧ್ಯನೆಂದೂ, ಕನ್ನಡದ ಪದಬಂಧವು ತನ್ನ ಯೋಗ್ಯತೆಗೆ ತಕ್ಕಷ್ಟು ಬೆಳೆಯದಿರುವುದಕ್ಕೆ ಈ ಬಾಧ್ಯತೆಯನ್ನು ನಾವು ಅಂಗೀಕರಿಸದಿರುವುದೇ ಮುಖ್ಯ ಕಾರಣವೆಂದೂ ದೃಢವಾಗಿ ತೋರುತ್ತದೆ.

ಈ ಆಟ ಹುಟ್ಟಿದಾಗ ವಿವರಣೆಯ ಪ್ರಶ್ನೆಯೇ ಇರಲಿಲ್ಲ. 1913ನೆಯ ಇಸವಿ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ, ಲಿವರ್‌ಪೂಲಿನಿಂದ ಅಮೆರಿಕಕ್ಕೆ ಬಂದು ನೆಲಸಿದ್ದ ಆರ್ಥರ್ ವಿನ್ ಎಂಬಾತ ವಜ್ರಾಕೃತಿಯಲ್ಲಿ ಮನೆಗಳನ್ನು ಜೋಡಿಸಿ ಮೊದಲ ಪದಬಂಧವನ್ನು ಪ್ರಕಟಿಸಿದಾಗ, ಅದರ ಸುಳಿವುಗಳು ನಿಘಂಟಿನ ಅರ್ಥಗಳಿಗಿಂತ ಹೆಚ್ಚಿನದೇನೂ ಆಗಿರಲಿಲ್ಲ. ಅರ್ಥ ಗೊತ್ತಿದ್ದವನಿಗೆ ಪದ ಹೊಳೆಯುತ್ತಿತ್ತು, ಗೊತ್ತಿಲ್ಲದವನು ಮರುವಾರ ನೋಡಿ ತಿಳಿಯುತ್ತಿದ್ದ. ಆಟವು ಅಟ್ಲಾಂಟಿಕ್ ಸಾಗರವನ್ನು ದಾಟಿ ಇಂಗ್ಲೆಂಡಿಗೆ ಬಂದ ಮೇಲೆ ಅದರ ಸ್ವಭಾವವೇ ಬದಲಾಯಿತು. 1926ರಿಂದ 'ಅಬ್ಸರ್ವರ್' ಪತ್ರಿಕೆಗೆ ಟಾರ್ಕೆಮಾಡಾ ಎಂಬ ಅಂಕಿತದಲ್ಲಿ ಪದಬಂಧಗಳನ್ನು ರಚಿಸುತ್ತಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್, ಒಂದೊಂದು ಸುಳಿವೂ ತಾನೇ ಒಂದು ಗೂಢೋಕ್ತಿಯಾಗುವಂತೆ ಮಾಡಿದನು. 1930ರ ಫೆಬ್ರವರಿ 1ರಂದು ಲಂಡನ್ನಿನ 'ಟೈಮ್ಸ್' ಪತ್ರಿಕೆಯೂ ಈ ಆಟಕ್ಕೆ ತನ್ನ ಪುಟದಲ್ಲಿ ಸ್ಥಾನ ಕೊಟ್ಟಿತು. ಹೀಗೆ ನೆಲೆಗೊಂಡ ಗೂಢ ಪದಬಂಧದಲ್ಲಿ ಸುಳಿವು ಎಂಬ ವಾಕ್ಯಕ್ಕೆ ಎರಡು ಮುಖಗಳು. ಅದರ ಒಂದು ತುದಿ ಉತ್ತರಪದದ ಅರ್ಥವನ್ನು ಹೇಳುತ್ತದೆ. ಉಳಿದ ಭಾಗ ಆ ಪದದ ಅಕ್ಷರಗಳನ್ನು ಬೇರೊಂದು ದಾರಿಯಿಂದ ಕಟ್ಟಿಕೊಡುತ್ತದೆ. ಇವೆರಡರ ನಡುವಣ ಬೆಸುಗೆ ಕಾಣದಂತೆ ಇಡೀ ವಾಕ್ಯವು ಲೋಕಸಹಜವಾದ ಮೂರನೆಯದೊಂದು ಸಂಗತಿಯನ್ನು ಹೇಳುತ್ತಿರುವಂತೆ ತೋರುತ್ತದೆ. ಇಂತಹ ಸುಳಿವಿನ ಉತ್ತರವನ್ನು ಹೇಳಿಬಿಟ್ಟ ಮಾತ್ರಕ್ಕೆ ಸುಳಿವು ಬಿಡಿಸಿದಂತಾಗುವುದಿಲ್ಲ.

ಮಾತು ಸ್ಪಷ್ಟವಾಗುವುದಕ್ಕೆ ಕನ್ನಡದಲ್ಲಿಯೇ ಒಂದೆರಡು ಸುಳಿವುಗಳನ್ನು ರಚಿಸಿ ನೋಡೋಣ. "ತೀರಾ ಗಿಡ್ಡನೊಳಗೆ ಮುದ್ದೆಯ ಧಾನ್ಯ (2)" ಎಂಬ ಸುಳಿವನ್ನು ಓದಿದವನ ಮನಸ್ಸಿಗೆ ಊಟ ಮುಗಿಸಿ ತೃಪ್ತನಾಗಿ ಕುಳಿತ ಕುಳ್ಳನೊಬ್ಬನ ಚಿತ್ರ ಬರುತ್ತದೆ. ಉತ್ತರ 'ರಾಗಿ' ಎಂಬುದು ಮುದ್ದೆಯೆಂಬ ಮಾತಿನಿಂದಲೇ ಹೊಳೆದೀತು. ಆದರೆ 'ತೀರಾ' ಎಂಬುದರ ಕೊನೆಯ ಅಕ್ಷರವೂ 'ಗಿಡ್ಡ' ಎಂಬುದರ ಮೊದಲ ಅಕ್ಷರವೂ ಕೂಡಿದರೆ ಆ ಪದವೇ ಅಲ್ಲಿ ಅಚ್ಚಾಗಿ ಕುಳಿತಿದೆಯೆಂಬುದನ್ನೂ, 'ಒಳಗೆ' ಎಂಬ ಮಾತು ಕುಳ್ಳನ ಹೊಟ್ಟೆಯನ್ನು ಕುರಿತದ್ದಾಗಿರದೆ ಆ ಎರಡು ಮಾತುಗಳ ಒಡಲನ್ನು ಕುರಿತದ್ದೆಂಬುದನ್ನೂ ಕಾಣದವನು ಸುಳಿವಿನ ಸೊಗಸನ್ನು ಕಂಡಂತಾಗಲಿಲ್ಲ. "ಕಂಗೆಟ್ಟ ರಮಣನಿಗೆ ಸಾವು (3)" ಎಂದರೆ, ರಮಣ ಎಂಬ ಮೂರು ಅಕ್ಷರಗಳು ತಮ್ಮ ಕ್ರಮವನ್ನು ಕಳೆದುಕೊಂಡು 'ಮರಣ'ವಾಗುತ್ತವೆ. ಕಂಗೆಟ್ಟದ್ದು ಪ್ರಿಯನಾಗಿ ತೋರಿದರೂ ನಿಜವಾಗಿ ಕಂಗೆಟ್ಟದ್ದು ಅವನ ಹೆಸರು. "ತಲೆ ಹೋದ ಅರಸನಲ್ಲೂ ಸಾರ (2)" ಎಂದರೆ, ಅರಸ ಎಂಬುದರ ಮೊದಲ ಅಕ್ಷರ ಹೋಗಿ 'ರಸ' ಉಳಿಯುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು ಇನ್ನೊಂದಿದೆ: "ಆನೆಯ ಬಳಿಯಿದ್ದ ರತ್ನ ಮುತ್ತೈದೆಯ ಕೊರಳಿಗೆ (4)". ಆನೆಯೆಂದರೆ ಕರಿ, ರತ್ನವೆಂದರೆ ಮಣಿ. ಎರಡೂ ಪಕ್ಕಪಕ್ಕದಲ್ಲಿ ನಿಂತಾಗ ತಾಳಿಯ ಜೊತೆಗಿರುವ 'ಕರಿಮಣಿ'. ಇಲ್ಲಿ ನಡೆದಿರುವ ವ್ಯಾಪಾರವನ್ನು ಸಾವಧಾನವಾಗಿ ಗಮನಿಸಬೇಕು. ಕರಿಮಣಿಯೆಂಬ ಪದದಲ್ಲಿರುವ ಕರಿ, ಕಪ್ಪೆಂಬ ಅರ್ಥದ ಅಚ್ಚಗನ್ನಡ ಮಾತು. ಆನೆಯೆಂಬ ಅರ್ಥದ ಕರಿ ಸಂಸ್ಕೃತದಿಂದ ಬಂದದ್ದು. ಹುಟ್ಟಿನಿಂದ ಪರಸ್ಪರ ಸಂಬಂಧವಿಲ್ಲದ ಎರಡು ಶಬ್ದಗಳು ಕನ್ನಡಿಗನ ನಾಲಗೆಯ ಮೇಲೆ ಒಂದೇ ರೂಪ ತಾಳಿ ನಿಂತಿರುವ ಆಕಸ್ಮಿಕವನ್ನು ಹಿಡಿದು ಸುಳಿವು ಕಟ್ಟಿದವನು, ದೇಶ್ಯವೂ ತತ್ಸಮವೂ ಕೂಡಿ ಬಾಳುತ್ತಿರುವ ನಮ್ಮ ನುಡಿಯ ಚರಿತ್ರೆಯ ಒಂದು ಎಳೆಯನ್ನೇ ಓದುಗನ ಕೈಗೆ ಕೊಟ್ಟಿದ್ದಾನೆ. ಆದರೆ ಮರುದಿನ 'ಕರಿಮಣಿ' ಎಂಬ ನಾಲ್ಕು ಅಕ್ಷರಗಳನ್ನು ಮಾತ್ರ ಅಚ್ಚು ಮಾಡಿದರೆ ಆ ಎಳೆ ಯಾರ ಕೈಗೂ ಸಿಗುವುದಿಲ್ಲ. ಮುತ್ತೈದೆಯ ಕೊರಳನ್ನು ನೋಡಿದೊಡನೆ ಉತ್ತರವನ್ನು ಬರೆದು ಮುಂದೆ ಹೋದವನು, ಆನೆ ಅಲ್ಲಿಗೇಕೆ ಬಂದಿತೆಂದು ಒಂದು ಕ್ಷಣ ಶಂಕಿಸಿ, ಆ ಶಂಕೆಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಾನೆ.

ಸರಿಯಾದ ಉತ್ತರವನ್ನು ಪಡೆದಿರುವುದೂ ಅದನ್ನು ತಿಳಿದಿರುವುದೂ ಬೇರೆ ಬೇರೆಯೆಂಬ ಈ ಸಂಗತಿ ಪದಬಂಧದ ರಚನೆಯಲ್ಲಿಯೇ ಅಂತರ್ಗತವಾಗಿದೆ. ಒಂದು ಪದವನ್ನು ಅಡ್ಡಹಾಯುವ ಬೇರೆ ಪದಗಳ ಅಕ್ಷರಗಳು ಸಿಕ್ಕಿದ ಮೇಲೆ ಸುಳಿವಿನ ಕಡೆಗೆ ನೋಡದೆಯೂ ಉತ್ತರವನ್ನು ಊಹಿಸಬಹುದು. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಹೇತುವನ್ನೂ ಉದಾಹರಣೆಯನ್ನೂ ದಾಟಿ ನೇರವಾಗಿ ನಿಗಮನಕ್ಕೆ ಬಂದು ಕುಳಿತಂತೆ; ನಿಗಮನ ಸತ್ಯವೇ ಆಗಿರಬಹುದು, ಆದರೆ ಅದು ಜ್ಞಾನವಾಗಿಲ್ಲ. ಈ ಅಪಾಯವು ಇಂಗ್ಲಿಷಿಗಿಂತ ಕನ್ನಡದಲ್ಲಿ ಅಧಿಕವೆಂಬುದು ಪ್ರಾಯಶಃ ನಾವು ಸಾಕಷ್ಟು ಆಲೋಚಿಸದಿರುವ ವಿಷಯ. ಇಂಗ್ಲಿಷಿನ ಒಂದು ಮನೆಯೊಳಗೆ ಕೂರುವುದು ಇಪ್ಪತ್ತಾರು ಅಕ್ಷರಗಳಲ್ಲಿ ಒಂದು. ಅಂತಹ ಒಂದೆರಡು ಅಕ್ಷರಗಳು ಅಡ್ಡಪದಗಳಿಂದ ದೊರೆತರೂ ನೂರಾರು ಪದಗಳಿಗೆ ಇನ್ನೂ ಅವಕಾಶವಿರುತ್ತದೆ, ಆದಕಾರಣ ಸುಳಿವನ್ನು ಕಡೆಯವರೆಗೂ ಅರ್ಥಮಾಡಿಕೊಳ್ಳದೆ ವಿಧಿಯಿಲ್ಲ. ಕನ್ನಡದ ಮನೆಯೊಳಗೆ ಕೂರುವುದು ಸ್ವರ, ವ್ಯಂಜನ, ಗುಣಿತ, ಒತ್ತು ಎಲ್ಲವನ್ನೂ ಒಳಗೊಂಡ ಇಡಿಯ ಅಕ್ಷರ. 'ಕ'ಕಾರಕ್ಕೂ 'ಕೀ'ಕಾರಕ್ಕೂ ಇಲ್ಲಿ ಹೊಂದಾಣಿಕೆಯಿಲ್ಲ. 'ಸ್ತ್ರೀ' ಎಂಬ ಒಂದೇ ಅಕ್ಷರವು ಅಡ್ಡಪದದಿಂದ ದೊರೆತುಬಿಟ್ಟರೆ ಮುಕ್ಕಾಲುಪಾಲು ಪದ ದೊರೆತಂತೆಯೇ. ಹೀಗೆ ನಮ್ಮ ಲಿಪಿಯು ಬಿಡಿಸುವವನಿಗೆ ಮಾಡುವ ಉಪಕಾರವೇ ಅವನನ್ನು ಸುಳಿವಿನಿಂದ ದೂರ ಒಯ್ಯುತ್ತದೆ. ಆದ್ದರಿಂದ ವಿವರಣೆಯ ಅಗತ್ಯ ಅವರಿಗಿಂತ ನಮಗೇ ಹೆಚ್ಚು.

ವಿವರಣೆಯು ಬಿಡಿಸುವವನಿಗೆ ಸಲ್ಲಬೇಕಾದ ಋಣವೆಂದೆ. ಅದು ಕಟ್ಟಿದವನಿಗೆ ಒಂದು ನಿಕಷವೂ ಹೌದು. ಟಾರ್ಕೆಮಾಡಾ 1939ರಲ್ಲಿ ತೀರಿಕೊಂಡ ಬಳಿಕ 'ಅಬ್ಸರ್ವರ್' ಪತ್ರಿಕೆಯಲ್ಲಿ ಅವನ ಸ್ಥಾನಕ್ಕೆ ಬಂದ ಡೆರಿಕ್ ಸಾಮರ್‌ಸೆಟ್ ಮ್ಯಾಕ್ನಟ್, ಪ್ರಾಚೀನ ಭಾಷೆಗಳ ಅಧ್ಯಾಪಕನಾಗಿದ್ದು ಕ್ಸಿಮೆನಿಸ್ ಎಂಬ ಅಂಕಿತದಿಂದ ಪ್ರಸಿದ್ಧನಾದವನು, 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುಳಿವಿನ ಧರ್ಮವನ್ನು ನಿರೂಪಿಸಿದನು. ಸುಳಿವಿನಲ್ಲಿ ನಿಷ್ಕೃಷ್ಟವಾದ ಅರ್ಥನಿರ್ದೇಶವಿರಬೇಕು, ನ್ಯಾಯವಾದ ಅಕ್ಷರನಿರ್ದೇಶವಿರಬೇಕು, ಇವೆರಡನ್ನುಳಿದು ಮತ್ತೇನೂ ಇರಬಾರದು ಎಂಬುದು ಅವನ ಮತದ ಸಾರ. ಅವನಿಗಿಂತ ಮೊದಲೇ, 1949ರಲ್ಲಿ, ಆಫ್ರಿಟ್ ಎಂಬ ಅಂಕಿತದ ರಿಚಿ ಎಂಬಾತ, ಸುಳಿವು ಕೊಡುವವನು ಓದುಗನನ್ನು ಮರುಳುಮಾಡಲು ಸ್ವತಂತ್ರನಾದರೂ ತಾನು ಉದ್ದೇಶಿಸಿದ್ದನ್ನು ಶಬ್ದಶಃ ಹೇಳಿಯೇ ಇರಬೇಕೆಂಬ ನಿಯಮವನ್ನು ಪ್ರತಿಪಾದಿಸಿದ್ದನು. ಇಂತಹ ನಿಯಮಗಳು ಪಾಲನೆಯಾಗಿವೆಯೋ ಇಲ್ಲವೋ ಎಂಬುದು ಬೆಳಕಿಗೆ ಬರುವುದು ವಿವರಣೆಯಲ್ಲಿ; ಉತ್ತರವೊಂದೇ ಅಚ್ಚಾದಲ್ಲಿ ಅನ್ಯಾಯದ ಸುಳಿವೂ ನ್ಯಾಯದ ಸುಳಿವೂ ಒಂದೇ ಮುಖ ಹೊತ್ತು ನಿಲ್ಲುತ್ತವೆ.

ಇದಕ್ಕೂ ಒಂದು ನಿದರ್ಶನ ಬೇಕು. "ಅರಸನು ಹಿಂದಿರುಗಿದಾಗ ಮುಪ್ಪು (2)" ಎಂಬ ಸುಳಿವನ್ನು ಒಬ್ಬನು ಕಟ್ಟಿದನೆಂದು ಇಟ್ಟುಕೊಳ್ಳೋಣ. ಅರಸನೆಂದರೆ ರಾಜ, ಅದರ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ 'ಜರಾ', ಜರಾ ಎಂದರೆ ಮುಪ್ಪು. ವಾಕ್ಯವೂ ಮನೋಹರವಾಗಿದೆ: ದಂಡಯಾತ್ರೆಯಿಂದಲೋ ವನವಾಸದಿಂದಲೋ ಮರಳಿ ಬರುವಷ್ಟರಲ್ಲಿ ವೃದ್ಧನಾಗಿಬಿಟ್ಟ ರಾಜನೊಬ್ಬನ ಕಥೆಯೇ ಆ ಮೂರು ಮಾತುಗಳಲ್ಲಿ ಅಡಗಿರುವಂತಿದೆ. ಆದರೆ ವಿವರಣೆಯನ್ನು ಬರೆಯಲು ಲೇಖನಿಯನ್ನೆತ್ತಿದೊಡನೆ ಒಂದು ತೊಡಕು ಕಾಣಿಸಿಕೊಳ್ಳುತ್ತದೆ. ಜರಾ ಎಂಬ ಆಕಾರಾಂತ ರೂಪವು ಕನ್ನಡದಲ್ಲಿ ಜರಾಮರಣವೇ ಮೊದಲಾದ ಸಮಾಸಗಳ ಒಳಗೆ ಬಾಳುತ್ತದೆಯೇ ಹೊರತು ಸ್ವತಂತ್ರವಾಗಿ ನಿಲ್ಲುವುದಿಲ್ಲ. ಮಾಲಾ ಎಂಬುದು ಮಾಲೆಯಾದಂತೆ ಜರಾ ಎಂಬುದು ನಮ್ಮಲ್ಲಿ ಜರೆಯಾಗುತ್ತದೆ. ಹಾಗಿರಲಾಗಿ ಈ ಉತ್ತರವನ್ನು ಕನ್ನಡ ಪದವೆಂದು ಒಪ್ಪಿಕೊಳ್ಳಬೇಕೆ? ಸಂಸ್ಕೃತವನ್ನು ಬಲ್ಲವನು ಒಪ್ಪಿಯಾನು. ಕನ್ನಡವನ್ನು ಮಾತ್ರ ಬಲ್ಲವನು ತನ್ನನ್ನು ವಂಚಿಸಿದರೆಂದು ನೊಂದುಕೊಂಡರೆ ಆ ನೋವಿನಲ್ಲಿ ನ್ಯಾಯವಿದೆ. ನಾನಾದರೋ ಈ ಸುಳಿವನ್ನು, ಅದರ ಚೆಲುವನ್ನೆಲ್ಲ ಮೆಚ್ಚಿಯೂ, ತಿರಸ್ಕರಿಸತಕ್ಕದ್ದೆಂದೇ ಹೇಳುವೆನು. ಇಂತಹ ತೀರ್ಮಾನಕ್ಕೆ ಬರಲು ವಿವರಣೆಯ ಹೊರತು ಬೇರೆ ಮಾರ್ಗವಿಲ್ಲ. ಮರುದಿನ ವಿವರಣೆಯನ್ನು ಬರೆದುಕೊಡಬೇಕೆಂದು ತಿಳಿದಿರುವವನು ಹಿಂದಿನ ದಿನವೇ ಈ ತೊಡಕನ್ನು ತಾನಾಗಿ ಕಾಣುತ್ತಾನೆ.

ಗೂಢೋಕ್ತಿಯನ್ನು ಕಟ್ಟುವುದೂ ಅದರ ನ್ಯಾಯಾನ್ಯಾಯವನ್ನು ವಿಚಾರಿಸುವುದೂ ಇಂಗ್ಲಿಷರಿಂದ ನಾವು ಕಲಿತುಕೊಳ್ಳಬೇಕಾದ ವಿದ್ಯೆಗಳೆಂದು ಯಾರೂ ಭಾವಿಸಬೇಕಾಗಿಲ್ಲ. ದಂಡಿಯು 'ಕಾವ್ಯಾದರ್ಶ'ದ ತೃತೀಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ಪರಿಗಣಿಸಿ, ಪೂರ್ವಾಚಾರ್ಯರು ದೋಷಯುಕ್ತವೆಂದು ಹೇಳಿದ ಹದಿನಾಲ್ಕು ಬಗೆಗಳು ಬೇರೆ ಇವೆಯೆಂದು ಸೂಚಿಸಿ, ದೋಷಗಳಿಗೆ ಕೊನೆಯಿಲ್ಲವಾದುದರಿಂದ ಒಳ್ಳೆಯವನ್ನು ಮಾತ್ರ ವಿವರಿಸುವೆನೆಂದಿದ್ದಾನೆ. ಎಂದರೆ ಕ್ಸಿಮೆನಿಸನಿಗಿಂತ ಸಾವಿರ ವರ್ಷಕ್ಕೂ ಹಿಂದೆಯೇ ನಮ್ಮವರು ಸಾಧುವಾದ ಒಗಟನ್ನು ಅಸಾಧುವಾದುದರಿಂದ ಬೇರ್ಪಡಿಸುವ ಕಾರ್ಯವನ್ನು ಕೈಗೊಂಡಿದ್ದರು. ಬಾಣನ 'ಕಾದಂಬರಿ'ಯಲ್ಲಿ ಶೂದ್ರಕ ಮಹಾರಾಜನ ವಿನೋದಗಳನ್ನು ಹೇಳುವೆಡೆಯಲ್ಲಿ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಪ್ರಹೇಲಿಕೆ ಇವೆಲ್ಲ ಬರುತ್ತವೆ. ಮೇಲೆ ತಲೆ ಕಳೆದುಕೊಂಡು ರಸವಾದ ಅರಸ ಅಕ್ಷರಚ್ಯುತಕದ ಸಂತಾನ. ಗಿಡ್ಡನೊಳಗೆ ಅಡಗಿದ್ದ ರಾಗಿಯು, ಉತ್ತರವನ್ನು ಪದ್ಯದೊಳಗೇ ಇಟ್ಟು ಪ್ರಶ್ನೆ ಕೇಳುವ ಅಂತರ್ಲಾಪಿಕೆಯ ವಂಶದ್ದು. ರಾಜನನ್ನು ಜರೆಯಾಗಿಸಹೊರಟ ಕ್ರಮಕ್ಕೆ ಗತಪ್ರತ್ಯಾಗತದ ಹಿರಿತನವಿದೆ. ಅದರಲ್ಲಿ ತಿರುಗುವ ಮೂಲಮಾನವು, ಇಂದಿನ ಕನ್ನಡ ಪದಬಂಧದಲ್ಲಿರುವಂತೆಯೇ, ಬಿಡಿ ವರ್ಣವಾಗಿರದೆ ಇಡಿಯ ಅಕ್ಷರವಾಗಿತ್ತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎಂದು ನಾಲ್ಕೂ ದಿಕ್ಕುಗಳಲ್ಲಿ ಉತ್ತರವನ್ನು ಓಡಿಸುವ ನಮ್ಮ ಕೆಲವು ಪದಬಂಧಗಳನ್ನು ನೋಡುವಾಗ ಭಾರವಿಯ 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗದ ಸರ್ವತೋಭದ್ರವು ನೆನಪಾಗದೆ ಇರದು.

ಆದರೆ ಆ ಪರಂಪರೆಯಲ್ಲಿ ಗೂಢವನ್ನು ಕಟ್ಟಿದವನ ಪಕ್ಕದಲ್ಲಿ ಅದನ್ನು ಬಿಡಿಸಿ ತೋರಿಸುವ ವ್ಯಾಖ್ಯಾನಕಾರನೂ ಇದ್ದನೆಂಬುದೇ ನಾನು ಒತ್ತಿ ಹೇಳಬೇಕೆಂದಿರುವ ವಿಷಯ. ಭಾರವಿಯ ಸರ್ವತೋಭದ್ರವು ಇಂದಿಗೂ ವಿದ್ಯಾರ್ಥಿಗೆ ಎಟುಕುತ್ತಿರುವುದು ಕೋಲಾಚಲ ಮಲ್ಲಿನಾಥಸೂರಿಯ ಕೃಪೆಯಿಂದ. ಆಧಾರವಿಲ್ಲದ್ದನ್ನು ಬರೆಯುವುದಿಲ್ಲ, ಅಪೇಕ್ಷಿತವಲ್ಲದ್ದನ್ನು ಹೇಳುವುದಿಲ್ಲ ಎಂಬ ಅವನ ಪ್ರತಿಜ್ಞೆಯು ವಿವರಣೆ ಬರೆಯುವ ಎಲ್ಲರಿಗೂ ಇಂದಿಗೂ ಸಾಕಾಗುವ ಶಾಸನ. ಕ್ಸಿಮೆನಿಸನು ಸುಳಿವಿಗೆ ವಿಧಿಸಿದ ಮಿತಿಯೂ ಮಲ್ಲಿನಾಥನು ವ್ಯಾಖ್ಯೆಗೆ ವಿಧಿಸಿಕೊಂಡ ಮಿತಿಯೂ ಒಂದೇ ಆಗಿರುವುದು ನನಗೆ ಬಹಳ ಸಂತೋಷವನ್ನು ಕೊಡುವ ಸಂಗತಿ. ಕನ್ನಡದಲ್ಲಿಯೂ ಅಲ್ಲಮಪ್ರಭುವೇ ಮೊದಲಾದ ಶರಣರ ಬೆಡಗಿನ ವಚನಗಳಿಗೆ ಮುಂದಿನ ಕಾಲದವರು ಟೀಕೆಗಳನ್ನು ಬರೆದಿಟ್ಟರು. ಬೆಡಗು ಮರೆಮಾಡುವುದು ಅನುಭವವೇ ಮಾತಿಗೆ ಮೀರಿದ್ದೆಂಬ ಕಾರಣಕ್ಕೆ, ಪದಬಂಧ ಮರೆಮಾಡುವುದು ಆಟಕ್ಕೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿಡುವುದು ಉಚಿತವಲ್ಲ. ಮರೆಮಾಡಿದ್ದನ್ನು ಬಿಡಿಸಿ ಹೇಳುವುದು ಗೌರವದ ಕೆಲಸವೆಂಬ ತಿಳಿವಳಿಕೆ ನಮ್ಮಲ್ಲಿ ಇತ್ತೆಂಬುದನ್ನು ತೋರಿಸಲು ಮಾತ್ರ ಇದನ್ನು ಎತ್ತಿದೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ವ್ಯಾಕರಣದ ಉದಾಹರಣೆಗಳಿಂದಲೇ ರಾವಣವಧೆಯ ಕಥೆಯನ್ನು ಹೆಣೆದ ಭಟ್ಟಿಯು, ತನ್ನ ಕಾವ್ಯ ವ್ಯಾಖ್ಯಾನದಿಂದಲೇ ತಿಳಿಯತಕ್ಕದ್ದೆಂದೂ ಬುದ್ಧಿವಂತರಿಗೆ ಅದು ಉತ್ಸವವೆಂದೂ ಗ್ರಂಥದ ಕೊನೆಯಲ್ಲಿ ಹೇಳಿಕೊಂಡನು. ಭಾಮಹನ ಗ್ರಂಥದಲ್ಲಿ ಇದಕ್ಕೆ ಪ್ರತಿಯೆಂಬಂತೆ ತೋರುವ ಮಾತಿದೆ: ಕಾವ್ಯವೂ ಶಾಸ್ತ್ರದಂತೆ ವ್ಯಾಖ್ಯಾನವನ್ನು ಬೇಡುವುದಾದರೆ, ಅದು ಬುದ್ಧಿವಂತರಿಗೇನೋ ಉತ್ಸವವೇ, ಆದರೆ ಉಳಿದವರ ಗತಿ ಕೆಟ್ಟಿತು ಎಂಬುದು ಅವನ ಅಭಿಪ್ರಾಯ. ಇವರಲ್ಲಿ ಯಾರು ಮೊದಲಿನವರೆಂಬ ಕಾಲನಿರ್ಣಯವನ್ನು ವಿದ್ವಾಂಸರಿಗೆ ಬಿಟ್ಟು, ವಿವಾದದ ತಿರುಳನ್ನಷ್ಟೇ ನಮ್ಮ ವಿಷಯಕ್ಕೆ ಹೊಂದಿಸಿಕೊಳ್ಳಬಹುದು. ವಿವರಿಸಬೇಕಾಗಿ ಬಂದ ಸುಳಿವು ಸೋತ ಸುಳಿವಲ್ಲವೆ, ಬಿಡಿಸಿ ಹೇಳಿದೊಡನೆ ಚಮತ್ಕಾರವು ಸಾಯುವುದಿಲ್ಲವೆ, ತಾನಾಗಿ ಹೊಳೆದಾಗ ಆಗುವ ಆನಂದವನ್ನು ವಿವರಣೆಯು ಯಾರಿಗಾದರೂ ಕೊಟ್ಟೀತೆ ಎಂದು ಆಕ್ಷೇಪಿಸುವವರು ಭಾಮಹನ ಪಕ್ಷದವರು.

ಕಾವ್ಯದ ಮಟ್ಟಿಗೆ ನಾನೂ ಭಾಮಹನ ಕಡೆಯೇ. ರಸವು ವ್ಯಾಖ್ಯೆಯ ಮೂಲಕ ಬರಬೇಕಾದರೆ ಅದು ದಾರಿಯಲ್ಲಿಯೇ ಆರಿಹೋಗುತ್ತದೆ. ಆದರೆ ಒಗಟಿಗೆ ಈ ಮಾತನ್ನು ಅನ್ವಯಿಸುವಾಗ ಎರಡು ಭೇದಗಳನ್ನು ಮರೆಯಲಾಗದು. ಹಳ್ಳಿಯ ಒಗಟು ತನ್ನ ಉತ್ತರದೊಡನೆಯೇ ತನ್ನ ಪ್ರಮಾಣವನ್ನೂ ಹೊತ್ತು ತರುತ್ತದೆ: ಉತ್ತರವನ್ನು ಹೇಳಿದ ಕ್ಷಣದಲ್ಲಿ ಒಗಟಿನ ಚಿತ್ರವೂ ಆ ವಸ್ತುವೂ ಕಣ್ಣೆದುರಿಗೆ ಒಂದರಮೇಲೊಂದು ಕೂಡಿಕೊಳ್ಳುತ್ತವೆ, ಕೇಳಿದ ಮಗುವೂ ತಲೆದೂಗುತ್ತದೆ. ಪದಬಂಧದ ಗೂಢಸುಳಿವಿನಲ್ಲಿ ಹಾಗಾಗುವುದಿಲ್ಲ. ಕರಿಮಣಿಯೆಂಬ ಉತ್ತರವನ್ನು ಕೇಳಿದ ಮೇಲೂ ಆನೆ ಹೊರಗೇ ನಿಂತಿರುತ್ತದೆ. ಎರಡನೆಯದಾಗಿ, ಇಲ್ಲಿ ದೊರೆಯುವ ಸುಖವು ರಸಾಸ್ವಾದಕ್ಕಿಂತ ಗಣಿತದ ಸಾಧನೆಗೆ ಹತ್ತಿರವಾದುದು. ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿರುವ ಉತ್ತರಮಾಲೆಯನ್ನು ನೋಡಿ ಯಾವ ವಿದ್ಯಾರ್ಥಿಯೂ ಲೆಕ್ಕವನ್ನು ಕಲಿತದ್ದಿಲ್ಲ. ಮೇಷ್ಟರು ಹಲಗೆಯ ಮೇಲೆ ಒಂದೊಂದು ಮೆಟ್ಟಿಲಾಗಿ ಬಿಡಿಸಿ ತೋರಿಸಿದ್ದರಿಂದ ಅದರ ಸೊಬಗು ಕೆಟ್ಟುದೂ ಇಲ್ಲ. ಒಮ್ಮೆ ವಿವರಣೆಯನ್ನು ಓದಿದವನು ಅಂದಿನ ಸುಳಿವನ್ನು ಕಳೆದುಕೊಂಡಿರಬಹುದು. ಮುಂದಿನ ನೂರು ಸುಳಿವುಗಳನ್ನು ತಾನಾಗಿ ಬಿಡಿಸುವ ಆನಂದಕ್ಕೆ ಅವನು ಅಂದೇ ಅರ್ಹನಾದನು. ಭಾಮಹನು ಮರುಗಿದ್ದು ಹೊರಗುಳಿದವರಿಗಾಗಿ. ಅವರನ್ನು ಒಳಗೆ ಕರೆತರುವ ಉಪಾಯ ವಿವರಣೆಯೇ ಆಗಿರುವಾಗ ಅವನ ಆಕ್ಷೇಪವೇ ನನ್ನ ವಾದಕ್ಕೆ ಬಲ ಕೊಡುತ್ತದೆ.

ಇಂಗ್ಲೆಂಡಿನ ಅನುಭವವೂ ಇದನ್ನೇ ಹೇಳುತ್ತದೆ. ಗೂಢ ಪದಬಂಧವನ್ನು ಬಿಡಿಸುವ ವಿದ್ಯೆಯು ಅಲ್ಲಿ ದಶಕಗಳ ಕಾಲ ಬಹುಮಟ್ಟಿಗೆ ತಂದೆಯಿಂದ ಮಗಳಿಗೆ, ಗೆಳೆಯನಿಂದ ಗೆಳೆಯನಿಗೆ ಬಾಯಿಂದ ಬಾಯಿಗೆ ಹರಿದು ಬಂದದ್ದರಿಂದ, ಅಂತಹ ತಂದೆಯೂ ಗೆಳೆಯನೂ ಇಲ್ಲದವರು ಅದರ ಹೊಸ್ತಿಲಲ್ಲಿಯೇ ನಿಂತು ಹಿಂದಿರುಗುತ್ತಿದ್ದರು. 2014ರಲ್ಲಿ 'ಟೈಮ್ಸ್' ಪತ್ರಿಕೆಯು ತನ್ನ ಪ್ರೌಢ ಪದಬಂಧದ ಹದಿನೈದು ಮನೆಗಳ ಚೌಕದ ಜೊತೆಗೆ ಹದಿಮೂರು ಮನೆಗಳ ಒಂದು ಕಿರಿಯ ಗೂಢ ಪದಬಂಧವನ್ನೂ ಆರಂಭಿಸಿದಾಗ, ಹೊಸದಾಗಿ ಕಲಿಯುವವರೇ ಅದರ ಲಕ್ಷ್ಯವಾಗಿದ್ದರು. ಅದರ ಪ್ರತಿಯೊಂದು ಸುಳಿವಿಗೂ ಅನುಭವಿಗಳು ಪ್ರತಿದಿನ ವಿವರಣೆಯನ್ನು ಬರೆದು ಹಂಚಿಕೊಳ್ಳುವ ವಾಡಿಕೆ ಬೆಳೆದು ಬಂದಿದೆ: ಅರ್ಥ ಹೇಳುವ ಭಾಗಕ್ಕೆ ಅಡಿಗೆರೆ, ಒಡೆದ ಅಕ್ಷರಗಳ ನಡುವೆ ಕೂಡುವ ಚಿಹ್ನೆ, ಕಡೆಗೆ ಒಂದು ಮಾತಿನ ಟಿಪ್ಪಣಿ. ಪದಬಂಧವು ಚಿಕ್ಕದಾಗಿರುವುದರ ದೊಡ್ಡ ಪ್ರಯೋಜನವೇ ಇದು. ಅದರ ಒಂದು ಸುಳಿವನ್ನೂ ಬಿಡದೆ ವಿವರಿಸಲು ಸಾಧ್ಯ, ಓದಿ ಮುಗಿಸಲೂ ಸಾಧ್ಯ. ನಮ್ಮ ದೇಶದಲ್ಲಿಯೂ 'ದಿ ಹಿಂದೂ' ಪತ್ರಿಕೆಯ ಗೂಢ ಪದಬಂಧವನ್ನು ಬೆಳಗಿನ ಕಾಫಿಯೊಡನೆ ಬಿಡಿಸುವ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಅನೇಕರು ಕನ್ನಡದಲ್ಲಿ ಅಂತಹುದು ಸಾಧ್ಯವಿಲ್ಲವೆಂದು ನಂಬಿರುವುದೇ ವಿಷಾದದ ಸಂಗತಿ.

ಕನ್ನಡಕ್ಕೆ ರಚನಕಾರರ ಕೊರತೆಯಿಲ್ಲ. ಅ. ನಾ. ಪ್ರಹ್ಲಾದರಾಯರೊಬ್ಬರೇ ಕಳೆದ ಶತಮಾನದ ಎಂಬತ್ತರ ದಶಕದಿಂದ ಮೊದಲಾಗಿ ಹತ್ತಾರು ಸಾವಿರ ಪದಬಂಧಗಳನ್ನು ರಚಿಸಿದ್ದಾರೆಂದರೆ, ಆ ದುಡಿಮೆಯ ಮುಂದೆ ಗೌರವದಿಂದ ತಲೆಬಾಗಬೇಕಾಗುತ್ತದೆ. ಆದರೆ ಒಟ್ಟಾರೆಯಾಗಿ ನಮ್ಮ ಪದಬಂಧಗಳ ಸುಳಿವುಗಳಲ್ಲಿ ಬಹುಪಾಲು ಪರ್ಯಾಯಪದಗಳು, ಗಾದೆಯ ಬಿಟ್ಟ ಭಾಗಗಳು, ಪುರಾಣದ ಹೆಸರುಗಳು. ಅಕ್ಷರಗಳ ಆಟವು ಆಗೊಮ್ಮೆ ಈಗೊಮ್ಮೆ ಬಂದರೂ, ಪದ ತಿರುವುಮುರುವಾಗಿದೆಯೆಂದು ಬಹಿರಂಗವಾಗಿ ಹೇಳಿಯೇ ಬರುತ್ತದೆ; ವಾಕ್ಯದ ಮೈಯಲ್ಲಿ ಕರಗಿ ಬರುವುದು ಅಪರೂಪ. ವಿವರಣೆಯ ಪದ್ಧತಿಯಿಲ್ಲದ ಕಡೆಯಲ್ಲಿ ರಚನಕಾರನು ಬೇರೆ ಏನು ಮಾಡಿಯಾನು? ಉತ್ತರವನ್ನು ನೋಡಿದೊಡನೆ ಅರ್ಥವಾಗದ ಸುಳಿವನ್ನು ಕೊಟ್ಟರೆ ಓದುಗನು ಅದನ್ನು ಅಚ್ಚಿನ ತಪ್ಪೆಂದೇ ತಿಳಿಯುತ್ತಾನೆ. ಇನ್ನು ಪರ್ಯಾಯಪದದ ಸುಳಿವಿಗೂ ವಿವರಣೆ ವ್ಯರ್ಥವೆನ್ನಲಾಗದು. "ಬಾಣವೂ ಹೌದು, ದುಂಬಿಯೂ ಹೌದು (4)" ಎಂಬುದಕ್ಕೆ 'ಶಿಲೀಮುಖ' ಎಂದಷ್ಟೇ ಹೇಳಿ ಬಿಟ್ಟರೆ, ಈ ಎರಡರ್ಥವನ್ನು ನೆಚ್ಚಿ ನಮ್ಮ ಪ್ರಾಚೀನ ಕವಿಗಳು ಕಟ್ಟಿದ ಶ್ಲೇಷೆಗಳತ್ತ ಓದುಗನ ಕಣ್ಣು ಹೊರಳುವುದಾದರೂ ಹೇಗೆ?

ಕನ್ನಡದಲ್ಲಿ ಗೂಢಸುಳಿವು ಕಟ್ಟುವವನಿಗೆ ನಿಜವಾದ ತೊಡಕೊಂದಿದೆ, ಅದು ವಿಭಕ್ತಿಪ್ರತ್ಯಯ. ಇಂಗ್ಲಿಷಿನಲ್ಲಿ ನಾಮಪದವು ಕರ್ತೃವಾದರೂ ಕರ್ಮವಾದರೂ ರೂಪ ಬದಲಿಸದೆ ನಿಲ್ಲುವುದರಿಂದ ಸುಳಿವಿನ ಬೆಸುಗೆ ಸುಲಭವಾಗಿ ಮರೆಯಾಗುತ್ತದೆ. ನಮ್ಮಲ್ಲಿ "ಶತ್ರುವನ್ನು ತಿಳಿ (2)" ಎಂದು 'ಅರಿ' ಎಂಬ ಪದಕ್ಕೆ ಎರಡರ್ಥದ ಸುಳಿವು ಕಟ್ಟಿದರೆ, ಅರಿಯೆಂದರೆ ಶತ್ರುವೇ ಹೊರತು ಶತ್ರುವನ್ನು ಎಂದಲ್ಲವಷ್ಟೆ ಎಂಬ ಪ್ರಶ್ನೆ ಬರುತ್ತದೆ. ಪ್ರತ್ಯಯವನ್ನು ಕೇವಲ ಬೆಸುಗೆಯ ಲೋಹವೆಂದು ಒಪ್ಪಿ ಅರ್ಥದ ಲೆಕ್ಕದಿಂದ ಹೊರಗಿಡುವುದು ಒಂದು ಮಾರ್ಗ. ಮನೆ ಕಟ್ಟು, ನೀರು ತಾ ಎಂದು ಆಡುಮಾತು ನಪುಂಸಕಲಿಂಗದ ಕರ್ಮಪದದಿಂದ ಪ್ರತ್ಯಯವನ್ನು ಸಹಜವಾಗಿ ಬಿಡುವುದನ್ನು ಆಶ್ರಯಿಸಿ, "ಅಡವಿ ಪೀಡಿಸು (2)" ಎಂದು 'ಕಾಡು' ಎಂಬುದಕ್ಕೆ ಸುಳಿವು ಕಟ್ಟುವುದು ಇನ್ನೊಂದು ಮಾರ್ಗ. ನನ್ನ ಒಲವು ಎರಡನೆಯದರ ಕಡೆಗಿದ್ದರೂ, ಮೊದಲನೆಯದನ್ನು ಸಂಪೂರ್ಣವಾಗಿ ನಿಷೇಧಿಸಿದರೆ "ಕಂಗೆಟ್ಟ ರಮಣನಿಗೆ ಸಾವು" ಎಂಬಂತಹ ಒಳ್ಳೆಯ ಸುಳಿವುಗಳೂ ಬಿದ್ದುಹೋಗುತ್ತವೆಯಾದ್ದರಿಂದ, ಪ್ರತ್ಯಯವು ಬೆಸುಗೆಯಾಗಿ ಬರಬಹುದು, ಅರ್ಥಭಾಗಕ್ಕೆ ತಾನೂ ಸೇರಿದಂತೆ ನಟಿಸಬಾರದು ಎಂಬ ನಡುದಾರಿಯೇ ಸರಿಯೆಂದು ತೋರುತ್ತದೆ. ಇಂತಹ ಸಂಪ್ರದಾಯಗಳನ್ನು ಒಬ್ಬನು ಕುಳಿತು ಶಾಸನ ಮಾಡಲಾಗದು. ದಿನದಿನವೂ ಪ್ರಕಟವಾದ ವಿವರಣೆಗಳನ್ನು ಓದಿ, ಒಪ್ಪಿ, ಅಲ್ಲಗಳೆದು, ಓದುಗರೂ ರಚನಕಾರರೂ ಕೂಡಿಯೇ ಅವನ್ನು ನಿಲ್ಲಿಸಬೇಕು.

ಸ್ಥಳವಿಲ್ಲವೆಂದು ಪತ್ರಿಕೆಗಳು ಹೇಳಬಹುದು. ಹತ್ತು ಹನ್ನೆರಡು ಸುಳಿವುಗಳ ಚಿಕ್ಕ ಪದಬಂಧದಲ್ಲಿ ವಿವರಣೆ ಅತ್ಯಗತ್ಯವಾದವು ಮೂರೋ ನಾಲ್ಕೋ ಇರುತ್ತವೆ, "ಕರಿಮಣಿ: ಕರಿ (ಆನೆ), ಮಣಿ (ರತ್ನ) ಅಕ್ಕಪಕ್ಕದಲ್ಲಿ, ಅರ್ಥ, ಮುತ್ತೈದೆಯ ಕೊರಳಿಗೆ" ಎಂದು ಬರೆದರೆ ಅಂಕಣದ ಎರಡು ಸಾಲು. ಇದು ನಡೆದು ರೂಢಿಯಾದ ಬಳಿಕ ಕ್ಸಿಮೆನಿಸನೂ, 1972ರಲ್ಲಿ ಅವನ ಸ್ಥಾನಕ್ಕೆ ಬಂದು ಡೇಜಾ ಎಂಬ ಸ್ಪೇನಿನ ಧರ್ಮಾಧಿಕಾರಿಯ ಹೆಸರನ್ನು ಹಿಂದುಮುಂದು ಮಾಡಿ ಅಜೆಡ್ ಎಂಬ ಅಂಕಿತವನ್ನು ಧರಿಸಿದ ಜೊನಾಥನ್ ಕ್ರೌದರನೂ ನಡೆಸಿಕೊಂಡು ಬಂದ ಮಾದರಿಯ ಸ್ಪರ್ಧೆಯನ್ನು ನಾವೂ ಇಡಬಹುದು: ಪದವನ್ನು ಪತ್ರಿಕೆ ಕೊಡುವುದು, ಸುಳಿವನ್ನು ಅದರ ವಿವರಣೆಯೊಡನೆ ಓದುಗರು ಬರೆದು ಕಳುಹಿಸುವುದು, ಉತ್ತಮವಾದವನ್ನು ಗುಣದೋಷ ವಿಮರ್ಶೆಯೊಡನೆ ಅಚ್ಚು ಮಾಡುವುದು. ಮೊದಲ ತಿಂಗಳಿಗೆ 'ಅಂಗಳ' ಎಂಬ ಪದವನ್ನು ಕೊಡಬಹುದೆಂದು ನನ್ನ ಸೂಚನೆ. ಮೊದಲ ಮನೆಯ ಅಕ್ಷರವೊಂದನ್ನು ಬದಲಿಸಿದರೆ ಅದು ಮಂಗಳವಾಗುತ್ತದೆ, ಷಷ್ಠಿಯ ರೂಪವನ್ನು ಒಪ್ಪುವುದಾದರೆ 'ತಿಂಗಳ' ಆಗುತ್ತದೆ, 'ಕಂಗಳ' ಆಗುತ್ತದೆ. ಬರೆಯುವವರು ಇವುಗಳಲ್ಲಿ ಯಾವ ದಾರಿಯನ್ನು ಹಿಡಿದರೆಂಬುದನ್ನೂ, ನಾನು ಕಾಣದ ಬೇರೆ ಯಾವ ದಾರಿಯನ್ನು ಕಂಡರೆಂಬುದನ್ನೂ ಅವರ ವಿವರಣೆಗಳಲ್ಲಿ ಓದಲು ನಾನು ಕಾತರನಾಗಿದ್ದೇನೆ.